ಸಾವಿತ್ರಕ್ಕ ಬಂದು ಹೋದ ಸಂಜೆ

ನಾವು ಹತ್ತನೆಯ ತರಗತಿಯಲ್ಲಿದ್ದ ಆ ವರ್ಷ ನಮ್ಮ ದಿನ ನಿಜವಾಗಿ ಶುರುವಾಗುತ್ತಿದ್ದುದು ಸಂಜೆ ನಾಲ್ಕೂವರೆಗೆ. ಬೆಳಗಿನ ಪ್ರಾರ್ಥನೆ, ಬೆತ್ತ, ಬಿಸಿಯೂಟ ಎಲ್ಲವೂ ಆ ಗಂಟೆ ಬರುವ ತನಕ ಹೇಗೋ ನೂಕಬೇಕಾದ ಹೊತ್ತು ಅಷ್ಟೆ. ಶಾಲೆಯ ಗೇಟು ದಾಟಿದ್ದೇ ತಡ, ನಾನು ಮತ್ತು ಶಬಾನಾ ಚೀಲವನ್ನು ಎದೆಗವುಚಿಕೊಂಡು ಓಡುತ್ತಿದ್ದೆವು. ರಾಯಚೂರಿನ ಬಿಸಿಲು ನಿಮಗೆ ಗೊತ್ತಿರಬಹುದು. ಸಂಜೆಯಾಯಿತೆಂದು ಅದು ತನ್ನ ಮನೆಗೆ ಹೋಗುವುದಿಲ್ಲ. ಗೋಡೆಗಳೊಳಗೆ, ಕಲ್ಲುಗಳೊಳಗೆ ಕೂತು ನಿಧಾನಕ್ಕೆ ಉಸಿರು ಬಿಡುತ್ತಿರುತ್ತದೆ. ಆ ಬಿಸಿಯುಸಿರಿನ ನಡುವೆ ಓಡಿ ಬೆವರಿ, ತೀನ್ ಕಂದೀಲ್ ಚೌಕದಿಂದ ಎರಡು ಗಲ್ಲಿ ಒಳಗಿದ್ದ ಒಂದು ಹಳೆ ಗೋದಾಮಿನ ಮೆಟ್ಟಿಲು ಹತ್ತುತ್ತಿದ್ದೆವು.

ಕೆಳಗೆ ಒಂದು ಕಾಲಕ್ಕೆ ಅರಳೆಯ ವ್ಯಾಪಾರ ನಡೆಯುತ್ತಿತ್ತಂತೆ. ನಮ್ಮ ಕಾಲಕ್ಕೆ ಅದು ಬೀಗ ಹಾಕಿದ ಖಾಲಿ ಜಾಗ. ಮೆಟ್ಟಿಲುಗಳಲ್ಲಿ ಮಾತ್ರ ಹತ್ತಿಕಾಳಿನ ಜಿಡ್ಡು ವಾಸನೆ ಉಳಿದಿತ್ತು. ಮೇಲಂತಸ್ತಿನ ಎರಡು ಕೋಣೆಗಳನ್ನು ಒಂದು ಸೇವಾಸಂಸ್ಥೆ ಬಾಡಿಗೆಗೆ ಹಿಡಿದು, ನಮ್ಮಂಥ ಹೈಸ್ಕೂಲು ಮಕ್ಕಳು ಶಾಲೆ ಬಿಟ್ಟ ಮೇಲೆ ಏಳು ಗಂಟೆಯವರೆಗೆ ಬಂದು ಓದಲಿ, ಆಡಲಿ ಎಂದು ನಡೆಸುತ್ತಿತ್ತು. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ನಮ್ಮ ಬಾಯಲ್ಲಿ ಅದು ಬರೀ ‘ಸಂಜಿ ಸಾಲಿ’.

ನನ್ನ ಅಪ್ಪ ಆಟೋ ಓಡಿಸುತ್ತಿದ್ದ. ಅವ್ವ ಹತ್ತಿ ಗಿರಣಿಗೆ ಹೋಗುತ್ತಿದ್ದಳು. ನಮ್ಮ ಒಂದೇ ಕೋಣೆಯ ಮನೆಗೆ ರಾತ್ರಿ ಏಳರವರೆಗೂ ಬೀಗ. ವಯಸ್ಸಿಗೆ ಬಂದ ಹುಡುಗಿ ಕಟ್ಟೆಯ ಮೇಲೆ ಕೂತು ಗಲ್ಲಿಯವರ ಬಾಯಿಗೆ ಬೀಳುವುದಕ್ಕಿಂತ ಎಲ್ಲೋ ಒಂದು ಕಡೆ ಪುಸ್ತಕ ಹಿಡಿದು ಕೂಡಲಿ ಎಂದು ಅವ್ವ ನನ್ನನ್ನು ಅಲ್ಲಿಗೆ ಕಳಿಸಿದ್ದಳು. ಶಬಾನಾಳ ಅಪ್ಪ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಇಟ್ಟಿದ್ದರು. ಅವರ ಮನೆಯಲ್ಲಿ ಐದು ಜನ ಮಕ್ಕಳು, ಓದಲು ಜಾಗವಿರಲಿಲ್ಲ. ಆದರೆ ನಾವು ಅಲ್ಲಿಗೆ ಓಡುತ್ತಿದ್ದುದು ಓದಿನ ಆಸೆಗಲ್ಲ. ಅಲ್ಲಿ ಅಡುಗೆಗಿದ್ದ ಹುಲಿಗೆಮ್ಮ ಆಯಿ ದೊಡ್ಡ ಬುಟ್ಟಿಯಲ್ಲಿ ಕಲಸುತ್ತಿದ್ದ ಮಂಡಾಳ ಒಗ್ಗರಣೆಗೆ. ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು, ಹುಣಸೆ ನೀರು ಬಿದ್ದ ಆ ಮಂಡಕ್ಕಿಯ ಘಮಕ್ಕೆ ಗಲ್ಲಿಯ ತುದಿಯಲ್ಲೇ ನಮ್ಮ ಬಾಯಲ್ಲಿ ನೀರೂರುತ್ತಿತ್ತು. ತಿಂದ ಮೇಲೆ ತಾರಸಿಯಲ್ಲಿ ಕುಂಟೆಬಿಲ್ಲೆ, ಇಲ್ಲದಿದ್ದರೆ ಒಂದು ಕಾಲು ಮುರಿದ ಕೇರಂ ಬೋರ್ಡು. ಗಾಳಿ ತಿರುಗಿದ ದಿನ ಅಕ್ಕಿ ಗಿರಣಿಗಳ ಕಡೆಯಿಂದ ಬೇಯುವ ಭತ್ತದ ವಾಸನೆ ಬರುತ್ತಿತ್ತು. ಈಗಲೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ.

ಸಂಜೆ ಶಾಲೆಯಲ್ಲಿ ಒಂದು ದುಃಖವೂ ಇತ್ತು. ಅಲ್ಲಿ ಕಲಿಸುವವರು ನಿಲ್ಲುತ್ತಿರಲಿಲ್ಲ. ನಾನು ಎಂಟನೆಯ ತರಗತಿಯಲ್ಲಿದ್ದಾಗ ದೂರದಿಂದ ಒಬ್ಬ ಸರ್ ಬಂದು ಗಿಟಾರ್ ಕಲಿಸಿದರು. ಆರು ತಿಂಗಳಿಗೆ ಹೋದರು. ಆಮೇಲೆ ಇಂಗ್ಲಿಷ್ ಕಲಿಸುವ ಒಬ್ಬ ಮಿಸ್ ಬಂದರು. ನನ್ನ ಜಡೆ ತಾವೇ ಹೆಣೆಯುತ್ತಿದ್ದರು. ಅವರೂ ಹೋದರು. ಹೋಗುವ ದಿನ ಕೇಕು, ಎಲ್ಲರನ್ನೂ ನಿಲ್ಲಿಸಿ ಫೋಟೋ, ‘ಮತ್ತೆ ಬರ್ತೀನಿ’ ಎಂಬ ಮಾತು. ಆ ಮಿಸ್ ಹೋದ ಮೇಲೆ ನಾನು ಅತ್ತು ಅತ್ತು ಜ್ವರ ತರಿಸಿಕೊಂಡಿದ್ದೆ. ಮೂರು ತಿಂಗಳ ನಂತರ ಅಪ್ಪನ ಫೋನಿನಿಂದ ಕದ್ದು ಅವರಿಗೆ ಕರೆ ಮಾಡಿದೆ.

“ನಾನು ನಾಗವೇಣಿರೀ ಮಿಸ್,” ಅಂದೆ.

“ಯಾವ ನಾಗವೇಣಿ?” ಎಂದರು.

ಅವತ್ತೇ ನಾನೂ ಶಬಾನಾಳೂ ಒಂದು ತೀರ್ಮಾನಕ್ಕೆ ಬಂದಿದ್ದೆವು. ಇನ್ನು ಮುಂದೆ ಬರುವವರಿಗೆ ನಮ್ಮ ಹೆಸರು ಹೇಳಬೇಕು, ಮನಸ್ಸು ಕೊಡಬಾರದು.

ಹತ್ತನೆಯ ತರಗತಿ ಶುರುವಾಗುವ ಹೊತ್ತಿಗೆ ಗಣಿತ ಕಲಿಸಲು ಸಾವಿತ್ರಕ್ಕ ಬಂದಳು. ಇಪ್ಪತ್ತಾರರ ವಯಸ್ಸು, ಕಪ್ಪಗೆ ತೆಳ್ಳಗಿದ್ದಳು. ಮೊದಲ ದಿನವೇ ನಾವು ‘ಮಿಸ್’ ಎಂದಿದ್ದಕ್ಕೆ, “ಮಿಸ್ ಗಿಸ್ ನಕ್ಕೋ. ನಾ ಮಾನ್ವಿಯಾಕಿ. ಅಕ್ಕ ಅನ್ರಿ ಸಾಕು,” ಎಂದು ನಕ್ಕಳು. ದಿನಾ ಮಧ್ಯಾಹ್ನ ಮಾನ್ವಿಯಿಂದ ಬಸ್ಸಿಗೆ ಬರುವುದು, ಸಂಜೆ ಏಳೂವರೆಯ ಬಸ್ಸಿಗೆ ವಾಪಸು. ಅವಳ ಅಪ್ಪ ಟೇಲರ್ ಆಗಿದ್ದು ತೀರಿಕೊಂಡಿದ್ದರು, ಅಣ್ಣ ಆ ಅಂಗಡಿ ನೋಡಿಕೊಳ್ಳುತ್ತಿದ್ದ. ಅದನ್ನೆಲ್ಲ ಅವಳೇ ಹೇಳಿದಳು. ಹಿಂದಿನವರು ಯಾರೂ ತಮ್ಮ ಮನೆಯ ಸುದ್ದಿ ನಮಗೆ ಹೇಳಿರಲಿಲ್ಲ. ನಮ್ಮ ಮನೆಯ ಸುದ್ದಿಯನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು.

ಗಣಿತದ ಪುಸ್ತಕವನ್ನು ನಾನು ಚೀಲದಿಂದ ಹೊರಗೇ ತೆಗೆಯುತ್ತಿರಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಪಾಸೂ ಆಗಲಿಲ್ಲ. ಅವ್ವ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು: “ಗಣಿತದಾಗ ಹೋತಂದ್ರ ಜೂನ್ ತಿಂಗಳಿಗೆ ನನ್ ಜೋಡಿ ಗಿರಣಿಗೆ ಬಾ. ನಾ ಇನ್ನೊಮ್ಮಿ ಕೂಡ್ಸಂಗಿಲ್ಲ.” ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಹತ್ತಿಯ ಧೂಳಿಗೆ ಕೆಮ್ಮುತ್ತಾ ರೊಟ್ಟಿ ಬಡಿಯುವಾಗ, ನಾಳೆಯ ಅಡುಗೆಯ ಬಗ್ಗೆ ಹೇಳುವಂತೆ ಹೇಳಿದ್ದಳು. ಹಾಗಾಗಿ ನನಗೆ ಇನ್ನೂ ಹೆದರಿಕೆಯಾಯಿತು.

ಸಾವಿತ್ರಕ್ಕ ಎಲ್ಲರನ್ನೂ ಆಟಕ್ಕೆ ಬಿಟ್ಟು ನನ್ನೊಬ್ಬಳನ್ನು ತಾರಸಿಯ ಮೂಲೆಗೆ ಕರೆದೊಯ್ದು ಕೂಡಿಸಿಕೊಳ್ಳುತ್ತಿದ್ದಳು. “ಲೆಕ್ಕ ನಿನ್ನ ವೈರಿ ಅಲ್ಲ ಬೇ. ಹೊಸದಾಗಿ ಬಂದ ಸೊಸಿ ಇದ್ದಂಗ. ನೀನಾಗೇ ಮಾತಾಡ್ಸು, ಅದೂ ಮಾತಾಡ್ತದ,” ಎನ್ನುತ್ತಿದ್ದಳು. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. “ಎಲ್ಲಿತನಕ ಸರಿ ಬಂದೀ ಅನ್ನೋದು ಮೊದ್ಲು ತೋರ್ಸು” ಅನ್ನುತ್ತಿದ್ದಳು. ಯಾರೂ ನನಗೆ ನಾನು ಸರಿ ಇದ್ದ ಜಾಗವನ್ನು ಅದುವರೆಗೆ ತೋರಿಸಿರಲಿಲ್ಲ. ದಸರೆಯ ಹೊತ್ತಿಗೆ ನಾನೇ ವರ್ಗಸಮೀಕರಣ ಬಿಡಿಸಿ ಶಬಾನಾಳಿಗೆ ಹೇಳಿಕೊಡುವಷ್ಟು ಆಗಿದ್ದೆ. ಅಕ್ಕ ಹೆಗಲ ಮೇಲೆ ಗುದ್ದಿ, “ನೋಡು, ಮಾತಾಡಿತಿಲ್ಲೋ?” ಎಂದಳು.

ಮನಸ್ಸು ಕೊಡಬಾರದೆಂಬ ತೀರ್ಮಾನ ಅಷ್ಟರಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳ ಬಸ್ಸು ತಡವಾದ ದಿನ ನಾನು ಮೆಟ್ಟಿಲ ಮೇಲೇ ಕೂತಿರುತ್ತಿದ್ದೆ.

ಚಳಿಗಾಲ ಶುರುವಾದಾಗ ಒಂದು ಭಾನುವಾರ ಅವಳು ನಮ್ಮನ್ನು ದೇವಸುಗೂರಿಗೆ ಕರೆದುಕೊಂಡು ಹೋದಳು. ನಮ್ಮಲ್ಲಿ ಅರ್ಧ ಜನ ಕೃಷ್ಣಾ ನದಿಯನ್ನು ನೋಡಿರಲೇ ಇಲ್ಲ. ಒಂದು ಗಂಟೆಯೂ ಆಗದ ದಾರಿ, ಆದರೂ ನಮ್ಮ ಪಾಲಿಗೆ ಅದು ಪಠ್ಯಪುಸ್ತಕದ ನಕಾಶೆಯಲ್ಲಿ ಹರಿಯುವ ನೀಲಿ ಗೆರೆಯಾಗಿತ್ತು. ಬಂಡೆಗಳ ಮೇಲೆ ಬುತ್ತಿ ಬಿಚ್ಚಿದೆವು. ನನ್ನ ಸಜ್ಜೆ ರೊಟ್ಟಿ, ಶಬಾನಾಳ ಅಮ್ಮಿ ಕಟ್ಟಿಕೊಟ್ಟ ಖಟ್ಟಾ ಬದನೆಕಾಯಿ, ಅಕ್ಕ ತಂದಿದ್ದ ಶೇಂಗಾ ಹಿಂಡಿ. ಉಂಡು ನೀರಿಗಿಳಿದು ಎಲ್ಲರೂ ಎರಚಾಡಿದೆವು. ಅಕ್ಕ ಮಾತ್ರ ದಡದಲ್ಲಿ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. ಪಾದಗಳು ಊದಿಕೊಂಡು, ಚಪ್ಪಲಿಯ ಪಟ್ಟಿ ಮೂಡಿದ ಜಾಗದಲ್ಲಿ ಆಳವಾದ ಗೆರೆ ಬಿದ್ದಿತ್ತು.

“ಕಾಲ್ಯಾಕ ಹಿಂಗಾಗ್ಯಾವ್ರಿ ಅಕ್ಕ?” ಎಂದು ಕೇಳಿದೆ.

“ಬಸ್ಸಿನಾಗ ದಿನಾ ನಿಂತು ಬರ್ತೀನಲ್ಲ, ಅದಕ್ಕ,” ಎಂದಳು.

ನಾನು ನಂಬಿದೆ. ಅವಳ ಪಕ್ಕ ಕೂತು, ಎಷ್ಟೋ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿಬಿಟ್ಟೆ: “ನೀವೂ ಹೋಗ್ತೀರಿ ಹೌದಿಲ್ರಿ?”

ಅವಳು ಚಪ್ಪಲಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಮಾನ್ವಿ ಬಿಟ್ಟು ನಾ ಎಲ್ಲಿಗೆ ಹೋಗ್ಲಿ ಬೇ? ನಿಮ್ಮ ಪರೀಕ್ಷಿ ಮುಗಿಯೋತನಕ ನಾ ಎಲ್ಲಿಗೂ ಹೋಗಂಗಿಲ್ಲ. ಸಾಕಿಲ್ಲೋ?”

“ಆಣಿ?”

“ಈ ಗಂಗವ್ವನ ಆಣಿ,” ಎಂದು ನದಿಯ ಕಡೆ ಕೈ ತೋರಿಸಿದಳು.

ಸಂಕ್ರಾಂತಿಯ ಮರುದಿನ ಅವಳು ಬರಲಿಲ್ಲ. ಹಬ್ಬಕ್ಕೆ ಉಳಿದಿರಬೇಕು ಅಂದುಕೊಂಡೆವು. ಒಂದು ವಾರ ಬರಲಿಲ್ಲ. ಫೋನು ಬಂದ್. ಎರಡನೆಯ ವಾರ ಸಂಸ್ಥೆಯ ಕಚೇರಿಯಿಂದ ಒಬ್ಬರು ಬಂದು, “ವೈಯಕ್ತಿಕ ಕಾರಣದಿಂದ ಸಾವಿತ್ರಿಯವರು ಸದ್ಯ ರಜೆಯಲ್ಲಿದ್ದಾರೆ, ನಿಮಗೆ ಬೇರೆ ಸರ್ ಬರ್ತಾರೆ,” ಎಂದು ಹೇಳಿ ಹೋದರು. ‘ವೈಯಕ್ತಿಕ ಕಾರಣ’ ಎಂಬ ಮಾತನ್ನು ನಾವು ಮೊದಲೂ ಕೇಳಿದ್ದೆವು. ಗಿಟಾರ್ ಸರ್ ಹೋಗುವಾಗ ಅದೇ, ಇಂಗ್ಲಿಷ್ ಮಿಸ್ ಹೋಗುವಾಗಲೂ ಅದೇ. ಹುಲಿಗೆಮ್ಮ ಆಯಿಯನ್ನು ಕೇಳಿದರೆ, “ನನಗೇನ್ ಗೊತ್ತವ್ವಾ” ಎಂದು ಬುಟ್ಟಿಯ ಕಡೆ ಮುಖ ತಿರುಗಿಸಿದಳು.

ಹೊಸ ಸರ್ ಗೈಡ್ ನೋಡಿ ಲೆಕ್ಕ ಬರೆಸುತ್ತಿದ್ದರು. ಒಳ್ಳೆಯವರೇ. ಆದರೆ ಎಲ್ಲಿತನಕ ಸರಿ ಬಂದೆ ಎಂದು ಅವರು ಕೇಳಲಿಲ್ಲ.

ನಮ್ಮ ಜೊತೆ ಮಲ್ಲು ಎಂಬ ಹುಡುಗನೊಬ್ಬ ಓದುತ್ತಿದ್ದ. ಅವನ ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಅವಳ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಬಂದವನು ಒಂದು ಸಂಜೆ ದೊಡ್ಡ ಸುದ್ದಿ ತಂದ.

“ಸಾವಿತ್ರಕ್ಕನ್ನ ನೋಡ್ದೆ. ದೇವದುರ್ಗ ಬಸ್‌ಸ್ಟ್ಯಾಂಡಿನಾಗ. ಜಾಲಹಳ್ಳಿ ಬಸ್ ಹತ್ತಾಕತ್ತಿದ್ಲು.”

“ಒಬ್ಬಾಕೆನಾ?” ಎಂದು ಕೇಳಿದೆ.

“ಯಾರೋ ಗಂಡಸು ಇದ್ದ. ಕೈಯಾಗ ಚೀಲ ಹಿಡ್ಕೊಂಡಿದ್ದ. ಅಕಿ ಹೊಸ ಸೀರಿ ಉಟ್ಟಿದ್ಲು ಲೇ, ಹಸಿರು ರೇಷ್ಮಿ. ನಾ ಕೂಗಿದೆ, ಕೇಳಿಸ್ಲಿಲ್ಲೋ, ಕೇಳಿಸಿದ್ರೂ ತಿರುಗಲಿಲ್ಲೋ.”

ಅಲ್ಲಿಗೆ ಮುಗಿಯಿತು. ಹಸಿರು ಸೀರೆ, ಜೊತೆಗೊಬ್ಬ ಗಂಡಸು. ಮದುವೆಯಾಗಿ ಗಂಡನ ಊರಿಗೆ ಹೋಗಿದ್ದಾಳೆ, ನಮಗೆ ಹೇಳುವಷ್ಟೂ ನಾವು ಅವಳಿಗೆ ಮುಖ್ಯವಾಗಿರಲಿಲ್ಲ. ಕೇಕೂ ಇಲ್ಲ, ಫೋಟೋನೂ ಇಲ್ಲ. ಹಿಂದಿನವರು ಕನಿಷ್ಠ ಅಷ್ಟಾದರೂ ಮಾಡಿದ್ದರು. ಶಬಾನಾ, “ಏನೋ ಇರ್ಬೇಕು ನಾಗಿ, ಅಕ್ಕ ಹಂಗಿಲ್ಲ,” ಎಂದಳು. ನಾನು ಅವಳ ಮೇಲೆಯೇ ಹರಿಹಾಯ್ದೆ. ನದಿಯ ಮೇಲೆ ಆಣೆ ಮಾಡಿದ್ದು ನನ್ನೊಬ್ಬಳ ಮುಂದೆ. ಹಾಗಾಗಿ ಮೋಸ ಹೋದವಳೂ ಎಲ್ಲರಿಗಿಂತ ಹೆಚ್ಚಾಗಿ ನಾನೇ ಎಂದು ನನಗನಿಸಿತ್ತು.

ಎಲ್ಲರನ್ನೂ ತಾರಸಿಯಲ್ಲಿ ಕೂಡಿಸಿಕೊಂಡು ನಾನೇ ಹೇಳಿದೆ: ಅವಳೇನಾದರೂ ಮತ್ತೆ ಬಂದರೆ ಯಾರೂ ಮಾತಾಡಬಾರದು. ಮಾತಾಡಿದವರು ನಮ್ಮವರಲ್ಲ. ಹದಿನೈದು ವರ್ಷದ ನನಗೆ ಆ ಮಾತಿನಲ್ಲಿ ಎಂಥ ಸುಖವಿತ್ತು! ಮೊದಲ ಬಾರಿಗೆ, ಬಿಟ್ಟು ಹೋಗುವವರಿಗೆ ನಾವು ಏನನ್ನಾದರೂ ಮಾಡಬಲ್ಲೆವು ಅನಿಸಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಪರೀಕ್ಷೆಗೆ ಇನ್ನು ಮೂರು ವಾರವಿದ್ದಾಗ ಒಂದು ಸಂಜೆ ಮೆಟ್ಟಿಲ ಮೇಲೆ ನಿಧಾನಕ್ಕೆ ಯಾರೋ ಹತ್ತುವ ಸದ್ದು ಕೇಳಿಸಿತು. ಎರಡು ಮೆಟ್ಟಿಲು, ಆಮೇಲೆ ಸುಮ್ಮನೆ. ಮತ್ತೆ ಎರಡು ಮೆಟ್ಟಿಲು. ಬಾಗಿಲಲ್ಲಿ ಸಾವಿತ್ರಕ್ಕ ನಿಂತಿದ್ದಳು. ತೀರ ಸೊರಗಿದ್ದಳು. ಮುಖದ ಬಣ್ಣ ಬೂದಿಯಾಗಿತ್ತು. ಅಂಥ ಸೆಕೆಯಲ್ಲೂ ಉದ್ದ ತೋಳಿನ ಕುಪ್ಪಸ ತೊಟ್ಟು, ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಹೊಸ ಸರ್ ಇನ್ನೂ ಬಂದಿರಲಿಲ್ಲ. ಕೋಣೆಯಲ್ಲಿ ನಾವಷ್ಟೇ ಹದಿನೆಂಟು ಮಂದಿ.

“ಏನ್ರಪಾ, ಹೆಂಗದೀರಿ?” ಎಂದಳು.

ನಾನು ಮೊದಲು ಬೆನ್ನು ತಿರುಗಿಸಿ ಗೋಡೆಯ ಕಡೆ ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಮಲ್ಲು ತಿರುಗಿದ. ಕೊನೆಗೆ ಶಬಾನಾಳೂ, ನನ್ನ ಮುಖ ನೋಡಿ, ತಿರುಗಿದಳು.

ಅಕ್ಕ ಅದನ್ನು ಆಟ ಅಂದುಕೊಂಡಳೋ ಏನೋ. ನಗುವ ದನಿಯಲ್ಲಿ, “ನಾಗಿ, ತ್ರಿಕೋನಮಿತಿ ಎಲ್ಲಿಗೆ ಬಂತು? ಮಾತಾಡಾಕತ್ತದೋ ಇಲ್ಲೋ?” ಎಂದಳು.

ನಾನು ಎದ್ದು ನಿಂತೆ. ಮಾತಾಡಬಾರದೆಂದು ಎಲ್ಲರಿಗೂ ಹೇಳಿದವಳೇ ಮಾತಾಡಿದೆ.

“ನೀವ್ಯಾರು ಕೇಳಾಕ? ಹೋದವ್ರು ಹೋಗ್ರಿ. ನಿಮ್ಮಂತೋರು ಬರ್ತೀರಿ, ಅಕ್ಕ ಅನ್ರಿ ಅಂತೀರಿ, ಮ್ಯಾಲ ನಿಮ್ಮ ಸಂಸಾರ ನೋಡ್ಕೊಂಡು ಹೋಗ್ತೀರಿ. ನಾವೇನು ನಿಮ್ಮ ಹೊತ್ತು ಕಳಿಯೋ ಆಟದ ಸಾಮಾನೇನು? ಇನ್ನೊಮ್ಮಿ ಇಲ್ಲಿ ಬರ್ಬ್ಯಾಡ್ರಿ.”

ಅವಳು ನಮ್ಮ ಬೆನ್ನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು. ಆಮೇಲೆ ಗೋಡೆ ಹಿಡಿದು ಹೊಸ್ತಿಲ ಮೇಲೆ ಕೂತಳು. “ಒಂಚೂರು ನೀರು ಕೊಡ್ತೀರೇನು?” ಎಂದಳು. ಯಾರೂ ಏಳಲಿಲ್ಲ. ಬಹಳ ಹೊತ್ತಾಯಿತು ಅನಿಸಿದ ಮೇಲೆ ಶಬಾನಾ ಎದ್ದು ತಂಬಿಗೆ ಕೊಟ್ಟಳು. ಅಕ್ಕ ಒಂದೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಉಳಿದಿದ್ದನ್ನು ವಾಪಸು ಕೊಟ್ಟಳು. ನೋಡು, ನಮ್ಮ ನೀರೂ ಈಗ ಬೇಡವಾಯಿತು ಎಂದು ನಾನು ಒಳಗೇ ಅಂದುಕೊಂಡೆ.

ಹೋಗುವಾಗ ಅವಳು ಹೇಳಿದ್ದಿಷ್ಟು: “ಪರೀಕ್ಷಿ ದಿನ ಬರೇ ಹೊಟ್ಟಿಲೆ ಹೋಗಬ್ಯಾಡ್ರಿ. ಬರೋ ಲೆಕ್ಕ ಮೊದ್ಲು ಮಾಡ್ರಿ.”

ಶಬಾನಾ ತಡೆಯಲಾರದೆ ಹಿಂದೆಯೇ ಓಡಿದಳು. ಸ್ವಲ್ಪ ಹೊತ್ತಿಗೆ ವಾಪಸು ಬಂದು, “ನಾಗಿ, ಅಕ್ಕನ ಕೈಗೆ ದೊಡ್ಡ ಬ್ಯಾಂಡೇಜ್ ಅದ. ಮೆಟ್ಲ ಇಳಿಯಾಕ ಆಗವಲ್ದು ಅಕಿಗೆ,” ಎಂದಳು.

“ಎಲ್ಲಾ ನಾಟಕ,” ಎಂದೆ.

ಪರೀಕ್ಷೆ ಬಂತು, ಹೋಯಿತು. ಗಣಿತದ ದಿನ ಬರುವ ಲೆಕ್ಕಗಳನ್ನು ಮೊದಲು ಮಾಡಿದೆ. ಅವಳ ಮಾತು ಕೇಳುತ್ತಿದ್ದೇನೆಂದು ನನಗೇ ಒಪ್ಪಿಕೊಳ್ಳದೆ ಮಾಡಿದೆ. ಬೇಸಿಗೆಗೆ ಸಂಜೆ ಶಾಲೆ ಮುಚ್ಚಿತು. ನಡು ಬೇಸಿಗೆಯಲ್ಲಿ ಫಲಿತಾಂಶ ಬಂದಾಗ ನಾನು ಪಾಸು. ಗಣಿತದಲ್ಲಿ ಮಾತ್ರ ಪ್ರಥಮ ದರ್ಜೆಯ ಅಂಕ. ಅವ್ವ ಅಂಕಪಟ್ಟಿಯನ್ನು ಓದಲು ಬಾರದೆ ಎರಡೂ ಕೈಯಲ್ಲಿ ಹಿಡಿದುಕೊಂಡು, “ಈ ಹುಡುಗಿಗೆ ಲೆಕ್ಕ ಕಲಿಸ್ದಾಕಿ ಯಾರು? ಅಕಿಗೆ ಹೇಳಿ ಬಾ ಹೋಗು,” ಎಂದಳು. ತಾನೇ ಬೇಸನ್ ಉಂಡೆ ಕಟ್ಟಿ ಡಬ್ಬಿಗೆ ತುಂಬಿದಳು.

ನನ್ನ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತ್ತು. ಗಂಡನ ಮನೆಯಲ್ಲಿದ್ದರೂ ಸರಿ, ಅವಳ ತವರಿಗೆ ಹೋಗಿ ಡಬ್ಬಿ ಕೊಟ್ಟು, ತಪ್ಪಾಯಿತು ಅಂತ ಹೇಳಿ ಕಳಿಸಿ ಬರೋಣ ಎಂದು ನಾನೂ ಶಬಾನಾಳೂ ಮಾನ್ವಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕೊಯ್ಲಾದ ಗದ್ದೆಗಳು ಒಣಗಿ ಬಿರಿದಿದ್ದವು. ಅಕ್ಕ ದಿನಾ ಈ ದಾರಿಯಲ್ಲಿ ಬರುತ್ತಿದ್ದಳಲ್ಲ ಎಂದು ಕಿಟಕಿಯಿಂದ ನೋಡುತ್ತಾ ಕೂತೆ. ನಾನು ಅದುವರೆಗೆ ಒಮ್ಮೆಯೂ ಆ ದಾರಿಯನ್ನು ಕಲ್ಪಿಸಿಕೊಂಡಿರಲಿಲ್ಲ.

ಟೇಲರ್ ಅಂಗಡಿ ಎಂದು ಕೇಳುತ್ತಾ ಹೋದರೆ ಮನೆ ಸಿಕ್ಕಿತು. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ಜೋಳ ಹಸನು ಮಾಡುತ್ತಾ ಕೂತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ಮೊರ ಕೆಳಗಿಟ್ಟಳು.

“ರಾಯಚೂರಿನ ಹುಡುಗ್ರಲ್ಲೇನು? ಬರ್ರಿ, ಒಳಗ ಬರ್ರಿ. ನೀ ನಾಗಿ, ಹೌದಿಲ್ಲೋ? ಇಕಿ ಶಬಾನಾ. ಅಕಿ ನಿಮ್ಮ ಫೋಟೋ ತೋರ್ಸಿದ್ಲು.”

“ಅಕ್ಕ ಎಲ್ಲಿ ಅದಾಳ್ರಿ?” ಎಂದು ಕೇಳಿದೆ.

ಅವಳು ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿದಳು. “ನಿಮಗ್ಯಾರೂ ಹೇಳಿಲ್ಲೇನವ್ವಾ? ಅಕಿ ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ ಆತು.”

ಒಳಗೆ ಗೋಡೆಗೊರಗಿಸಿದ ಹಲಗೆಯ ಮೇಲೆ ಅಕ್ಕನ ಫೋಟೋ, ಒಣಗಿದ ಹೂವು. ನಾನು ಡಬ್ಬಿಯನ್ನು ಹಿಡಿದುಕೊಂಡೇ ಕೂತಿದ್ದೆ. ಅವಳ ತಾಯಿ ಮೆಲ್ಲಗೆ, ಅಳದೆ, ಎಷ್ಟೋ ಸಲ ಹೇಳಿ ಸವೆದ ಮಾತಿನಂತೆ ಹೇಳಿದಳು. ಎರಡೂ ಮೂತ್ರಪಿಂಡ ಕೆಡುತ್ತಿವೆ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ. ಕೆಲಸ ಬಿಡು ಎಂದರೆ ಬಿಡಲಿಲ್ಲ. ಸಂಕ್ರಾಂತಿಯ ದಿನ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ವಾರಕ್ಕೆರಡು ಬಾರಿ ಡಯಾಲಿಸಿಸ್. ನೀರನ್ನೂ ಅಳೆದು ಕುಡಿಯಬೇಕು. ಮನೆಯವರದೊಂದು ಮೂತ್ರಪಿಂಡ ಕೂಡಿಸೋಣವೆಂದರೆ ತಾಯಿಗೆ ಸಕ್ಕರೆ ಕಾಯಿಲೆ, ಅಣ್ಣನದು ಹೊಂದಲಿಲ್ಲ.

“ಜಾಲಹಳ್ಳಿಯಾಗ ನನ್ನ ತಮ್ಮ ಅದಾನ. ಅಣ್ಣನ ಜೋಡಿ ಅಲ್ಲಿಗೆ ಕಳ್ಸಿದೆ, ಮಾವನ್ನ ಒಂದು ಮಾತು ಕೇಳಿ ನೋಡು ಅಂತ. ಜೀವ ಕೇಳಾಕ ಹೋಗೂ ಮುಂದ ಹಳೇದು ಉಡಬಾರದಂತ ನನ್ನ ಮದಿವಿ ಸೀರಿ ಉಡ್ಸಿದ್ದೆ, ಹಸಿರುದು. ಅವ್ರ ಮನಿಯಾಗ ಒಪ್ಪಲಿಲ್ಲ. ಅವ್ರ ತಪ್ಪಲ್ಲ ಬಿಡವ್ವಾ, ಅವ್ರಿಗೂ ಸಣ್ಣ ಮಕ್ಳು.”

ನಾನು ಶಬಾನಾಳ ಕಡೆ ನೋಡಲಿಲ್ಲ. ಅವಳೂ ನನ್ನ ಕಡೆ ನೋಡಲಿಲ್ಲ.

“ಆಫೀಸಿನವ್ರಿಗೂ, ನಿಮ್ಮ ಅಡಿಗಿ ಆಯಿಗೂ ಅಕಿನೇ ಆಣಿ ಹಾಕಿದ್ಲು, ಪರೀಕ್ಷಿ ಮುಗಿಯೋತನಕ ಹುಡುಗ್ರಿಗೆ ಹೇಳಬ್ಯಾಡ್ರಿ ಅಂತ. ‘ನಾಗಿ ಭಾಳ ಹಚ್ಕೊಂಡಾಳ ಯವ್ವಾ, ಗೊತ್ತಾದ್ರ ಪೆನ್ನು ಹಿಡಿಯಂಗಿಲ್ಲ’ ಅಂತಿದ್ಲು. ಆದ್ರ ತಾನ ತಡಕೊಳ್ಳಲಿಲ್ಲ. ಒಂದಿನ ದವಾಖಾನಿಯಿಂದ ಸೀದಾ ನಿಮ್ಮನ್ನ ನೋಡಾಕ ಬಂದಿದ್ಲಲ್ಲ?”

“ಹೌದ್ರಿ,” ಎಂದೆ.

ಆಗ ಅವಳು ನನ್ನ ಕೈ ಹಿಡಿದುಕೊಂಡಳು. ಜೋಳದ ಹೊಟ್ಟು ಮೆತ್ತಿದ, ಒರಟಾದ, ಬೆಚ್ಚಗಿನ ಕೈ.

“ನಿಮ್ಮ ಪುಣ್ಯ ದೊಡ್ಡದವ್ವಾ. ಅವತ್ತು ಮನಿಗೆ ಬಂದಾಕಿ ಎಷ್ಟು ಚಂದ ನಕ್ಕೋತ ಹೇಳಿದ್ಲು ಗೊತ್ತೇನು! ‘ಬಾಗಲಾಗ ನೋಡಿದ್ದೇ ತಡ ಎಲ್ಲಾರೂ ಓಡಿ ಬಂದು ಸುತ್ತುಗಟ್ಟಿದ್ರು ಯವ್ವಾ. ನಾಗಿ ಅಂತೂ ನನ್ನ ಬಿಡಲೇ ಇಲ್ಲ, ಹೋಗಬ್ಯಾಡ್ರಿ ಅಂತ ಸೆರಗು ಹಿಡ್ಕೊಂಡು ಅತ್ಲು’ ಅಂದ್ಲು. ಎಷ್ಟೋ ದಿನದ ಮ್ಯಾಲ ಅವತ್ತೊಂದಿನ ಎರಡು ರೊಟ್ಟಿ ಉಂಡ್ಳು. ನಾ ಅದನ್ನೇ ನೆನಿಸ್ಕೊಂಡು ಇರ್ತೀನಿ. ನನ್ನ ಮಗಳನ್ನ ಅಷ್ಟು ಮಂದಿ ಹಚ್ಕೊಂಡಿದ್ರಲ್ಲ, ಸಾಕು.”

ಹೇಳಬೇಕಿತ್ತು. ಆ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಇಲ್ಲ ಯವ್ವಾ, ನಿನ್ನ ಮಗಳು ನಿನಗೆ ಸುಳ್ಳು ಹೇಳಿದ್ದಾಳೆ, ನಾನು ಅವಳಿಗೆ ಹೀಗೆ ಹೀಗೆ ಅಂದೆ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೊಂದಿಷ್ಟು ಸಿಗಬಹುದೇನೋ ಎಂಬ ಆಸೆಯಿಂದ.

“ಹೌದ್ರಿ,” ಎಂದೆ ಮತ್ತೆ. “ಸೆರಗು ಹಿಡ್ಕೊಂಡಿದ್ದೆ.”

ವಾಪಸು ಬರುವ ಬಸ್ಸಿನಲ್ಲಿ ಶಬಾನಾ ಕಿಟಕಿಯ ಪಕ್ಕ ಕೂತಳು. ಸಂಕಟ ತಡೆಯಲಾರದಾಗ ಮಾತ್ರ ಅವಳು ಕನ್ನಡ ಬಿಟ್ಟು ಮನೆಮಾತಿಗೆ ಇಳಿಯುತ್ತಿದ್ದಳು. “ಬೋಲ್ನಾ ಥಾ ನಾ, ನಾಗಿ,” ಎಂದಳು, ಹೇಳಬೇಕಿತ್ತಲ್ಲವಾ ಎಂದು. ಆಮೇಲೆ ತಾನೇ, “ಮೈ ಭೀ ನೈ ಬೋಲೀ,” ನಾನೂ ಹೇಳಲಿಲ್ಲ ಎಂದು ಮುಖ ಮುಚ್ಚಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಬಂದದ್ದು ಎಷ್ಟೋ ತಿಂಗಳ ಮೇಲೆ, ಕಾಲೇಜಿನಲ್ಲಿ ಯಾರೋ ಒಬ್ಬ ಹುಡುಗಿ ಬಾಟಲಿಯಿಂದ ಗಟಗಟ ನೀರು ಕುಡಿಯುವುದನ್ನು ನೋಡಿದಾಗ.

ಅಲ್ಲಿಂದಾಚೆ ನಾನು ಪ್ರತಿ ಬೇಸಿಗೆ ಮಾನ್ವಿಗೆ ಹೋಗುತ್ತಿದ್ದೆ. ಪದವಿ ಮುಗಿಸಿ ಬಿ.ಇಡಿ. ಓದುವಾಗಲೂ, ಗಿಲ್ಲೆಸುಗೂರಿನ ಶಾಲೆಯಲ್ಲಿ ಗಣಿತ ಕಲಿಸಲು ಸೇರಿದ ಮೇಲೂ ತಪ್ಪಿಸಲಿಲ್ಲ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಆ ತಾಯಿ ಚಹ ಕೊಟ್ಟು ಎದುರಿಗೆ ಕೂತು, “ಅವತ್ತೇನೇನಾತು, ಇನ್ನೊಮ್ಮಿ ಹೇಳು,” ಎನ್ನುತ್ತಿದ್ದಳು. ನಾನು ಹೇಳುತ್ತಿದ್ದೆ. ಮೊದಮೊದಲು ಅಕ್ಕ ಹೇಳಿದ್ದಷ್ಟನ್ನೇ. ಆಮೇಲೆ ಅದು ಸಾಲದಾಯಿತು. ಹುಲಿಗೆಮ್ಮ ಆಯಿ ಒಗ್ಗರಣೆ ಕಲಸಿ ಅಕ್ಕನ ಬಾಯಿಗೆ ತಾನೇ ಇಟ್ಟಳು ಎಂದೆ. ಮಲ್ಲು ಕುರ್ಚಿ ತಂದು ಹಾಕಿದ ಎಂದೆ. ಹದಿನೆಂಟು ಮಂದಿಯೂ ಬಸ್‌ಸ್ಟ್ಯಾಂಡಿನವರೆಗೆ ಅವಳನ್ನು ಕಳಿಸಲು ಹೋಗಿದ್ದೆವು, ಕಿಟಕಿಯಲ್ಲಿ ಕೂತು ಅವಳು ಬಸ್ಸು ತಿರುಗುವವರೆಗೆ ಕೈ ಬೀಸಿದಳು ಎಂದೆ. ಒಂದು ವರ್ಷ ನಿಜವಾಗಿಯೂ ಧೈರ್ಯ ಮಾಡಿ, “ಯವ್ವಾ, ಅವತ್ತು ನಾನು…” ಎಂದು ಶುರುಮಾಡಿದೆ. ಅವಳು ನನ್ನ ತಲೆ ಸವರಿ, “ಗೊತ್ತದ, ಅತ್ತಿದ್ದಿ. ಈಗ್ಯಾಕ ಅಳ್ತಿ?” ಎಂದಳು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಆ ತಾಯಿಯೂ ತೀರಿಕೊಂಡಳು. ಸಂಜೆ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿದೆ. ಗೋದಾಮನ್ನು ಕೆಡವಿ ಮೊಬೈಲ್ ಅಂಗಡಿಗಳನ್ನು ಕಟ್ಟಿದ್ದಾರೆ. ಶಬಾನಾ ಮದುವೆಯಾಗಿ ಹೈದರಾಬಾದಿನಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುತ್ತೇವೆ, ಆ ಸಂಜೆಯ ವಿಷಯ ಮಾತ್ರ ಎತ್ತುವುದಿಲ್ಲ. ನಾನು ನಿಜ ಹೇಳಬೇಕಾಗಿದ್ದ ಆ ತಾಯಿ, ತಪ್ಪಾಯಿತು ಅನ್ನಬೇಕಾಗಿದ್ದ ಅಕ್ಕ, ಇಬ್ಬರೂ ಈಗ ಇಲ್ಲ.

ಇದನ್ನು ಬರೆಯಲು ಕೂತಾಗ ಆ ಸಂಜೆಯನ್ನು ಇದ್ದದ್ದು ಇದ್ದಹಾಗೆ ಒಮ್ಮೆ ಕಣ್ಣಮುಂದೆ ತಂದುಕೊಳ್ಳಲು ನೋಡಿದೆ. ಆಗಲಿಲ್ಲ. ನನ್ನ ಮಾತುಗಳು ಒಂದೂ ಬಿಡದೆ ನೆನಪಿವೆ. ಅವಳು ಅವನ್ನು ಕೇಳಿಸಿಕೊಂಡ ಮುಖ ಮಾತ್ರ ಬರುವುದಿಲ್ಲ. ನಾನು ಬೆನ್ನು ತಿರುಗಿಸಿ ಕೂತಿದ್ದೆ, ಎದ್ದಾಗ ಸಿಟ್ಟಿನಲ್ಲಿ ಸರಿಯಾಗಿ ನೋಡಲಿಲ್ಲ. ಅರೆಬರೆ ನೋಡಿದ್ದನ್ನು ವರ್ಷವರ್ಷವೂ ಸುಳ್ಳು ಹೇಳಿ ಹೇಳಿ ನಾನೇ ಅಳಿಸಿಬಿಟ್ಟೆ. ಕಣ್ಣು ಮುಚ್ಚಿದರೆ ಈಗ ಕಾಣುವ ಸಾವಿತ್ರಕ್ಕ ಬಸ್ಸಿನ ಕಿಟಕಿಯಲ್ಲಿ ಕೂತು ಕೈ ಬೀಸುತ್ತಾಳೆ, ನಗುತ್ತಾಳೆ. ನಮ್ಮ ಮೆಟ್ಟಿಲುಗಳನ್ನು ಗೋಡೆ ಹಿಡಿದು ಒಬ್ಬಳೇ ಇಳಿದು ಹೋದವಳು ನನಗೆ ಮುಖ ತೋರಿಸುವುದಿಲ್ಲ.